ವಾಯಿದೆಯ ಹಾದಿಯಲ್ಲಿ ಸವೆದ ಆಯುಷ್ಯ

ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಬಸ್ಸಿನಿಂದ ಇಳಿಯುವ ಜನರ ನಡುವೆ ಕೋರ್ಟಿಗೆ ಬಂದವರನ್ನು ಗುರುತಿಸುವುದು ಕಷ್ಟವಲ್ಲ. ಪೇಟೆಗೆಂದು ಬಂದವರ ಚೀಲ ಬರಿದಾಗಿರುತ್ತದೆ. ಇವರ ಚೀಲ ಮನೆಯಿಂದಲೇ ತುಂಬಿಕೊಂಡು ಬಂದಿರುತ್ತದೆ. ಹಳೆಯ ಪಹಣಿ, ತೀರ್ವೆಯ ರಶೀದಿಗಳು, ಅಜ್ಜನ ಕಾಲದ ಗೇಣಿಚೀಟು, ಮಡಿಕೆಯಲ್ಲಿ ಹರಿದು ಅಂಟು ಕಾಗದದಿಂದ ಜೋಡಿಸಿದ ನಕ್ಷೆ - ಒಂದು ಮನೆತನದ ಚರಿತ್ರೆಯೇ ಆ ಚೀಲದಲ್ಲಿರುತ್ತದೆ.

ಅಂಥ ಒಂದು ಚೀಲವನ್ನು ಎದೆಗವಚಿಕೊಂಡು ಬೆಳ್ತಂಗಡಿಯ ಕಡೆಯಿಂದ ಬಂದ ಎಪ್ಪತ್ತು ವರುಷದ ತಾಯಿಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ಈಕೆ ಯಾವುದೋ ಒಂದು ಮನೆಯವಳಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕೋರ್ಟಿನ ಜಗಲಿಯಲ್ಲಿ ಕುಳಿತಿರುವ ಅನೇಕರ ಮುಖ ಈಕೆಯದು. ತವರಿನ ಆಸ್ತಿ ಬಂಟ್ವಾಳ ತಾಲ್ಲೂಕಿನಲ್ಲಿದೆ. ತಮ್ಮಂದಿರಲ್ಲಿ ಒಬ್ಬನು ಮೂಡುಬಿದಿರೆಯಲ್ಲಿ ನೆಲೆಸಿದ್ದಾನೆ. ಆಕೆ ಮಗಳ ಮನೆಯಲ್ಲಿ, ಬೆಳ್ತಂಗಡಿಯ ಒಂದು ಹಳ್ಳಿಯಲ್ಲಿದ್ದಾಳೆ. ತನ್ನ ಪಾಲು ಬರಲಿ ಎಂದು ದಾವೆ ಹೂಡಿದಾಗ ಆಕೆಯ ತಲೆಗೂದಲು ಇನ್ನೂ ಕಪ್ಪಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ವಕೀಲರ ಗುಮಾಸ್ತ ಹೊರಗೆ ಬರುತ್ತಾನೆ.

"ಅಮ್ಮಾ, ಎದುರು ಪಕ್ಷದ ವಕೀಲರಿಗೆ ಇವತ್ತು ಹುಷಾರಿಲ್ಲವಂತೆ. ವಾಯಿದೆ ಆಗಿದೆ. ಮುಂದಿನ ತಿಂಗಳು 22ನೇ ತಾರೀಕು."

"ಆಯಿತು ಮಗಾ," ಎಂದು ಆಕೆ ಚೀಲವನ್ನೆತ್ತಿಕೊಳ್ಳುತ್ತಾಳೆ.

ಅಂದು ನ್ಯಾಯಾಲಯವು ಯಾವ ತೀರ್ಪನ್ನೂ ಕೊಟ್ಟಿಲ್ಲ. ಆದರೆ ಇನ್ನೊಂದು ತಿಂಗಳು ತೋಟದ ಅಡಿಕೆಯನ್ನು ಕೊಯ್ಯುವವರು ಯಾರು, ಯಾರು ಕೈಕಟ್ಟಿ ಕೂರಬೇಕು ಎಂಬುದು ಮಾತ್ರ ತೀರ್ಮಾನವಾಗಿಬಿಟ್ಟಿದೆ. ಸಿವಿಲ್ ದಾವೆಯಲ್ಲಿ ಕಾಲವು ಎಂದೂ ತಟಸ್ಥವಲ್ಲ. ಸ್ವಾಧೀನದಲ್ಲಿರುವವನಿಗೆ ಅದು ನೆರವಾಗುತ್ತದೆ, ಕೇಳಲು ಬಂದವನನ್ನು ಸವೆಸುತ್ತದೆ. ವಿಳಂಬವನ್ನು ಕಚೇರಿಯ ಅವ್ಯವಸ್ಥೆಯೆಂದು ಮಾತ್ರ ನೋಡದೆ ಮಾನವ ಹಕ್ಕಿನ ಪ್ರಶ್ನೆಯಾಗಿ ನೋಡಬೇಕಾದುದು ಇದೇ ಕಾರಣಕ್ಕಾಗಿ.

ಮಣ್ಣಿಗೆ ಅಂಟಿದ ಬದುಕು

ದಕ್ಷಿಣ ಕನ್ನಡದ ಈ ಭಾಗದಲ್ಲಿ ಸಿವಿಲ್ ವ್ಯಾಜ್ಯವೆಂದರೆ ಬಹುಮಟ್ಟಿಗೆ ಭೂಮಿಯ ವ್ಯಾಜ್ಯ. ಬಯಲುಸೀಮೆಯಂತೆ ಇಲ್ಲಿ ಮನೆಗಳು ಒಂದೆಡೆ ಗುಂಪಾಗಿಲ್ಲ. ಒಬ್ಬೊಬ್ಬರು ತಮ್ಮ ತಮ್ಮ ತೋಟದ ನಡುವೆ ಮನೆ ಕಟ್ಟಿಕೊಂಡಿದ್ದಾರೆ. ಒಬ್ಬನು ರಸ್ತೆಗೆ ಬರಬೇಕಾದರೆ ಇನ್ನೊಬ್ಬನ ಗದ್ದೆಯ ಕಟ್ಟಪುಣಿಯ ಮೇಲೆಯೋ ತೋಟದ ಬದಿಯಲ್ಲಿಯೋ ನಡೆಯಬೇಕು. ಬೈಲು, ಮಜಲು, ಬೆಟ್ಟು ಎಂದು ಏರುತ್ತ ಹೋಗುವ ಗದ್ದೆಗಳಿಗೆ ಒಂದೇ ತೋಡಿನ ನೀರು. ವರ್ಗದ ಜಮೀನಿನ ಪಕ್ಕದಲ್ಲಿ ಸೊಪ್ಪು ಸೌದೆಗಳಿಗೆ ಆಧಾರವಾದ ಕುಮ್ಕಿ. ದಾರಿ, ನೀರು, ಸೊಪ್ಪು - ಈ ಮೂರರಲ್ಲಿ ಯಾವುದು ತಪ್ಪಿದರೂ ಜೀವನ ತಪ್ಪುತ್ತದೆ. ದಾರಿಯ ದಾವೆ ಇತ್ಯರ್ಥವಾಗದೆ ಉಳಿದ ಮನೆಯಲ್ಲಿ ಮಳೆಗಾಲದ ಒಂದು ರಾತ್ರಿ ರೋಗಿಯನ್ನು ಹೊತ್ತು ತರಬೇಕಾಗಿ ಬಂದರೆ, ಆ ವಿಳಂಬದ ಬೆಲೆ ಏನೆಂಬುದು ಆ ಮನೆಯವರಿಗೇ ಗೊತ್ತು.

ಇದರ ಮೇಲೆ ಅಳಿಯಸಂತಾನದ ಕಟ್ಟು. ಹೆಣ್ಣಿನ ಮೂಲಕ ವಂಶವನ್ನೆಣಿಸುವ ಈ ಪದ್ಧತಿಯಲ್ಲಿ ಕುಟುಂಬದ ಆಸ್ತಿಯನ್ನು ಒಬ್ಬ ಸದಸ್ಯ ಬೇಕೆಂದ ಮಾತ್ರಕ್ಕೆ ಹಂಚುವಂತಿರಲಿಲ್ಲ. ಈ ಸೀಮೆಯು ಮದರಾಸು ಪ್ರಾಂತಕ್ಕೆ ಸೇರಿದ್ದಾಗ ಬಂದ 1949ರ ಅಳಿಯಸಂತಾನ ಕಾಯಿದೆಯು ಕುಟುಂಬದ ಕವರುಗಳಿಗೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಸದಸ್ಯನ ಪಾಲು ಅವನ ವಾರಸುದಾರರಿಗೆ ಇಳಿದುಬರುವ ದಾರಿಯನ್ನು ತೆರೆಯಿತು. ಎರಡು ಕಾಯಿದೆಗಳೂ ಕೂಡಿಕೊಂಡಾಗ ಯಾರ ಪಾಲು ಎಷ್ಟು ಎಂಬ ತೊಡಕು ದೆಹಲಿಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. 1973ರಲ್ಲಿ ಒಮ್ಮೆ, ಅದೇ ದಶಕದ ಕೊನೆಗೆ ಮತ್ತೊಮ್ಮೆ ಆ ನ್ಯಾಯಾಲಯವು ಅಳಿಯಸಂತಾನದ ಪಾಲಿನ ಬಗೆಗೆ ತೀರ್ಪು ಕೊಡಬೇಕಾಯಿತು. ಒಂದು ಕುಟುಂಬವೆಂದರೆ ಹತ್ತಾರು, ಕೆಲವೊಮ್ಮೆ ಅದಕ್ಕೂ ಮಿಕ್ಕ ಜನ. ಅವರೆಲ್ಲರೂ ದಾವೆಯಲ್ಲಿ ಕಕ್ಷಿಗಾರರು. ಅವರಲ್ಲಿ ಒಬ್ಬರು ಮುಂಬಯಿಯಲ್ಲಿ, ಒಬ್ಬರು ಕೊಲ್ಲಿಯ ದೇಶದಲ್ಲಿ, ಇನ್ನೊಬ್ಬರ ವಿಳಾಸವೇ ತಿಳಿಯದು.

ಒಂದು ದಾವೆಯ ಯಾತ್ರೆ

ಮೊದಲು ಸಮನ್ಸು. ಮೂಡುಬಿದಿರೆಯ ತಮ್ಮನಿಗೆ ಅಲ್ಲಿಯ ಕೋರ್ಟಿನ ಮೂಲಕ ಅದನ್ನು ಮುಟ್ಟಿಸಬೇಕು. ಅಮೀನನು ಹೋದಾಗ ಮನೆಗೆ ಬೀಗವಿದ್ದರೆ ಮತ್ತೊಂದು ವಾಯಿದೆ. ಸಮನ್ಸು ತಲಪಿದ ಮೇಲೆ ಪ್ರತಿವಾದಿಯು 30 ದಿನಗಳಲ್ಲಿ, ಹೆಚ್ಚೆಂದರೆ 90 ದಿನಗಳಲ್ಲಿ ಲಿಖಿತ ಹೇಳಿಕೆಯನ್ನು ಸಲ್ಲಿಸಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುತ್ತದೆ. ಆಮೇಲೆ ವಿವಾದಾಂಶಗಳ ರಚನೆ, ಸಾಕ್ಷಿ, ಪಾಟಿಸವಾಲು, ವಾದ. ನಡುನಡುವೆ ಮಧ್ಯಂತರ ಅರ್ಜಿಗಳು: ತಡೆಯಾಜ್ಞೆಗೆ ಒಂದು, ಸ್ಥಳ ನೋಡಲು ಕಮಿಷನರನನ್ನು ನೇಮಿಸುವುದಕ್ಕೆ ಒಂದು, ದಾವೆಯ ತಿದ್ದುಪಡಿಗೆ ಒಂದು. ಪ್ರತಿಯೊಂದಕ್ಕೂ ತಕರಾರು; ಪ್ರತಿಯೊಂದು ತಕರಾರಿಗೂ ವಾಯಿದೆ.

ಅಷ್ಟರಲ್ಲಿ ಕಕ್ಷಿಗಾರರಲ್ಲಿ ಒಬ್ಬರು ತೀರಿಕೊಳ್ಳುತ್ತಾರೆ. 90 ದಿನಗಳೊಳಗೆ ಅವರ ವಾರಸುದಾರರನ್ನು ದಾವೆಯಲ್ಲಿ ಸೇರಿಸಬೇಕು. ಇಲ್ಲವಾದರೆ ಅವರ ಮಟ್ಟಿಗೆ ದಾವೆಯೇ ಅಳಿಯುತ್ತದೆ. ಹೊಸ ಹೆಸರುಗಳಿಗೆ ಹೊಸ ಸಮನ್ಸು. ಕುಟುಂಬ ದೊಡ್ಡದಿದ್ದಷ್ಟೂ ಸಾವುಗಳು ಹೆಚ್ಚು, ದಾವೆ ಉದ್ದವಾದಷ್ಟೂ ಸಾವುಗಳು ಇನ್ನೂ ಹೆಚ್ಚು. ವಿಳಂಬವೇ ವಿಳಂಬವನ್ನು ಹೆರುವ ಈ ಪರಿ ವಿಚಿತ್ರವಾದುದು.

ಕೊನೆಗೊಂದು ದಿನ ಡಿಕ್ರಿಯಾಗುತ್ತದೆ. ಮನೆಯವರು ದೇವರಿಗೆ ಕಾಯಿ ಒಡೆಸುತ್ತಾರೆ. ಆದರೆ ಅದು ಪ್ರಾಥಮಿಕ ಡಿಕ್ರಿ. ಇಂಥವರಿಗೆ ಇಷ್ಟು ಪಾಲು ಎಂಬುದನ್ನಷ್ಟೇ ಅದು ಹೇಳುತ್ತದೆ. ಯಾವ ಗದ್ದೆ, ಯಾವ ತೋಟ, ಯಾವ ಬಾವಿ ಎಂಬುದು ಅಂತಿಮ ಡಿಕ್ರಿಯ ವಿಷಯ. ಸರಕಾರಕ್ಕೆ ತೀರ್ವೆ ಸಲ್ಲುವ ಜಮೀನನ್ನು ವಿಭಾಗಿಸುವ ಕೆಲಸವು ಸಂಹಿತೆಯ 54ನೆಯ ಕಲಮಿನಂತೆ ಕಂದಾಯ ಇಲಾಖೆಯದು. ಆದುದರಿಂದ ಕಡತವು ಕೋರ್ಟಿನಿಂದ ತಾಲ್ಲೂಕು ಕಚೇರಿಗೂ, ಅಲ್ಲಿಂದ ಸರ್ವೆಯವರ ಮೇಜಿಗೂ ನಡೆಯಬೇಕು. ಅದೂ ಮುಗಿದ ಮೇಲೆ, ಸ್ವಾಧೀನ ಸಿಗದಿದ್ದರೆ ಅಮಲ್ಜಾರಿ ಅರ್ಜಿ.

ಡಿಕ್ರಿ ಕೈಗೆ ಬಂದ ಮೇಲೆಯೇ ಈ ದೇಶದ ಕಕ್ಷಿಗಾರನ ಕಷ್ಟಗಳು ಆರಂಭವಾಗುತ್ತವೆ ಎಂಬರ್ಥದ ಮಾತನ್ನು ಲಂಡನ್ನಿನ ಪ್ರಿವಿ ಕೌನ್ಸಿಲು 1872ರಲ್ಲಿಯೇ ಆಡಿತ್ತು. ಒಂದೂವರೆ ಶತಮಾನದ ಅನಂತರ, 2021ರಲ್ಲಿ, ಕರ್ನಾಟಕದಿಂದ ಹೋದ ಮೊಕದ್ದಮೆಯೊಂದರಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ಅಮಲ್ಜಾರಿ ಅರ್ಜಿಗಳನ್ನು 6 ತಿಂಗಳಲ್ಲಿ ಮುಗಿಸಬೇಕೆಂದು ವಿಧಿಸಿತು. ಆದರೂ 2025ರಲ್ಲಿ ಅದೇ ನ್ಯಾಯಾಲಯವು ಲೆಕ್ಕ ಕೇಳಿದಾಗ ದೇಶದಲ್ಲಿ 8 ಲಕ್ಷ 82 ಸಾವಿರಕ್ಕೂ ಹೆಚ್ಚು ಅಮಲ್ಜಾರಿ ಅರ್ಜಿಗಳು ಉಳಿದಿದ್ದುವು. ಇವುಗಳಲ್ಲಿ ಪ್ರತಿಯೊಂದರ ಹಿಂದೆಯೂ ಗೆದ್ದವರೊಬ್ಬರಿದ್ದಾರೆ. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಕಟ್ಟಿದವರು ಕೋರ್ಟಿನ ಮೆಟ್ಟಿಲನ್ನು ಹತ್ತಿ ಇಳಿದವರೇ ಇರಬೇಕು.

ಇನ್ನು ಅಪೀಲು. ತಾಲ್ಲೂಕಿನ ತೀರ್ಪಿನ ಮೇಲೆ ಮೇಲಣ ಕೋರ್ಟಿಗೆ, ಅಲ್ಲಿಂದ ಬೆಂಗಳೂರಿನ ಹೈಕೋರ್ಟಿಗೆ. ಎರಡನೆಯ ಅಪೀಲಿನಲ್ಲಿ ಕಾನೂನಿನ ಮಹತ್ತ್ವದ ಪ್ರಶ್ನೆ ಇರಲೇಬೇಕೆಂದು 1976ರ ತಿದ್ದುಪಡಿ ಹೇಳಿದರೂ, ಘಟ್ಟದ ಮೇಲೆ ಹೋದ ಕಡತವು ಇಳಿದು ಬರುವ ತನಕ ಕಾಯುವುದೊಂದೇ ಬೈಲಿನ ಮನೆಯವರ ಪಾಲಿಗೆ ಉಳಿಯುವುದು.

ಉಳುವವನ ಭೂಮಿಯ ಪಾಠ

ವಿಳಂಬವೆಂದರೇನೆಂಬುದನ್ನು ಈ ತಾಲ್ಲೂಕುಗಳು ಇನ್ನೊಂದು ಬಗೆಯಲ್ಲಿಯೂ ಕಂಡಿವೆ. 1961ರ ಭೂಸುಧಾರಣಾ ಕಾಯಿದೆಗೆ ಬಂದ ತಿದ್ದುಪಡಿಯು 1974ರ ಮಾರ್ಚ್ 1ರಂದು ಜಾರಿಯಾಗಿ, ಗೇಣಿ ಜಮೀನುಗಳು ಸರಕಾರಕ್ಕೆ ಸೇರಿದುವು. ಒಕ್ಕಲು 7ನೆಯ ನಮೂನೆಯಲ್ಲಿ ಡಿಕ್ಲರೇಶನ್ ಕೊಟ್ಟು ಭೂನ್ಯಾಯಮಂಡಳಿಯ ಮುಂದೆ ತನ್ನ ಹಕ್ಕನ್ನು ಸ್ಥಾಪಿಸಬೇಕಾಗಿತ್ತು. ಚಾಲಗೇಣಿಯ ಒಕ್ಕಲುಗಳು ತುಂಬಿದ್ದ ದಕ್ಷಿಣ ಕನ್ನಡದಲ್ಲಿ ಎಷ್ಟೋ ಮನೆಗಳು ಇದರಿಂದ ಮೊದಲ ಬಾರಿಗೆ ಸ್ವಂತ ನೆಲವನ್ನು ಕಂಡುವು. ಈ ಉಪಕಾರವನ್ನು ಮರೆಯುವಂತಿಲ್ಲ.

ಆದರೆ ವಿವಾದ ಬಂದಲ್ಲಿ ಕಥೆ ಬೇರೆಯಾಯಿತು. ಗೇಣಿಯ ಪ್ರಶ್ನೆ ಎದ್ದರೆ ಸಿವಿಲ್ ಕೋರ್ಟು ದಾವೆಯನ್ನು ತಡೆಹಿಡಿದು ಆ ಪ್ರಶ್ನೆಯನ್ನು ಮಂಡಳಿಗೆ ಕಳುಹಿಸಬೇಕೆಂದು 133ನೆಯ ಕಲಮು ವಿಧಿಸಿತು. ಮಂಡಳಿಯ ಆಜ್ಞೆಯ ಮೇಲೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ. ಹೈಕೋರ್ಟು ಆಜ್ಞೆಯನ್ನು ರದ್ದುಪಡಿಸಿದರೆ ಮತ್ತೆ ಮಂಡಳಿಗೆ ಮರುವಿಚಾರಣೆ. 1986ರಲ್ಲಿ ಮೇಲ್ಮನವಿ ಪ್ರಾಧಿಕಾರಗಳು ಹುಟ್ಟಿದುವು, ಕೆಲವೇ ವರುಷಗಳಲ್ಲಿ ಅವು ರದ್ದಾದುವು, ಕಡತಗಳು ಮತ್ತೆ ಪ್ರಯಾಣ ಬೆಳೆಸಿದುವು. ಜಮೀನ್ದಾರನಲ್ಲದ ಸಣ್ಣ ಹಿಡುವಳಿಯ ವಿಧವೆಯೂ, ಭೂಮಿಯನ್ನುಳಿದು ಬೇರೇನೂ ಇಲ್ಲದ ಒಕ್ಕಲೂ ಒಂದೇ ಸಾಲಿನಲ್ಲಿ ನಿಂತು ಕಾದರು. ವಿಳಂಬಕ್ಕೆ ಪಕ್ಷವಿಲ್ಲ, ಇದ್ದರೆ ಬಲವುಳ್ಳವನ ಪಕ್ಷ.

ಇದು ಹಕ್ಕಿನ ಪ್ರಶ್ನೆ ಏಕೆ?

ಮಾನವ ಹಕ್ಕೆಂದೊಡನೆ ನಮಗೆ ಸೆರೆಮನೆ, ಲಾಠಿ ನೆನಪಾಗುತ್ತವೆ. ತ್ವರಿತ ವಿಚಾರಣೆಯು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆಯೆಂದು ಸರ್ವೋಚ್ಚ ನ್ಯಾಯಾಲಯವು 1979ರಲ್ಲಿ ಹೇಳಿದಾಗಲೂ ಅದರ ಕಣ್ಣ ಮುಂದಿದ್ದವರು ಬಿಹಾರದ ಸೆರೆಮನೆಗಳಲ್ಲಿ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದ ಕೈದಿಗಳು. ಸಿವಿಲ್ ಕಕ್ಷಿಗಾರನ ಕೈಗೆ ಬೇಡಿಯಿಲ್ಲ. ಆದರೆ ಅವನ ಮನೆ, ಅವನ ಅನ್ನ, ಅವನ ಮುಪ್ಪಿನ ನೆಮ್ಮದಿ ಬಂಧನದಲ್ಲಿರುತ್ತವೆ.

ಈ ಮಾತಿಗೂ ಈಗ ಶಾಸನದ ಬೆಂಬಲವುಂಟು. ನ್ಯಾಯವನ್ನು ಪಡೆಯುವ ಅವಕಾಶವು 14 ಮತ್ತು 21ನೆಯ ವಿಧಿಗಳಡಿಯಲ್ಲಿ ಮೂಲಭೂತ ಹಕ್ಕೆಂದು 2016ರಲ್ಲಿ ಸಂವಿಧಾನ ಪೀಠವೊಂದು ಸಾರಿತು. ಆ ಹಕ್ಕಿನ ನಾಲ್ಕು ಅಂಗಗಳಲ್ಲಿ ಶೀಘ್ರ ತೀರ್ಮಾನವೂ ಒಂದು. ನ್ಯಾಯಾಲಯವು ದೂರದ ದೃಷ್ಟಿಯಿಂದ ಎಟಕುವಂತಿರಬೇಕು, ವೆಚ್ಚವು ಕೈಗೆಟಕುವಂತಿರಬೇಕು ಎಂಬುವೂ ಅವುಗಳಲ್ಲಿ ಸೇರಿವೆ. ಭಾರತವು 1979ರಲ್ಲಿ ಒಪ್ಪಿಕೊಂಡ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 14ನೆಯ ಅನುಚ್ಛೇದವು ಸಿವಿಲ್ ವ್ಯಾಜ್ಯಗಳಲ್ಲಿಯೂ ನ್ಯಾಯಯುತ ವಿಚಾರಣೆಯ ಭರವಸೆ ನೀಡುತ್ತದೆ.

ಯುರೋಪಿನಲ್ಲಿ ಇದು ಬರಿಯ ಭರವಸೆಯಾಗಿ ಉಳಿದಿಲ್ಲ. 1950ರ ಯುರೋಪಿಯನ್ ಮಾನವ ಹಕ್ಕುಗಳ ಒಡಂಬಡಿಕೆಯು ಸಿವಿಲ್ ವ್ಯಾಜ್ಯವೂ ಯುಕ್ತ ಕಾಲದೊಳಗೆ ಮುಗಿಯಬೇಕೆಂದು ವಿಧಿಸಿತು. ಇಟಲಿಯ ಕೋರ್ಟುಗಳ ಮಂದಗತಿ ಕುಖ್ಯಾತವಾಗಿದ್ದ ಕಾರಣ ಆ ದೇಶವು 2001ರಲ್ಲಿ ಕಾನೂನೊಂದನ್ನು ಮಾಡಿ, ಮಿತಿಮೀರಿದ ವಿಳಂಬಕ್ಕಾಗಿ ಸರಕಾರವೇ ಕಕ್ಷಿಗಾರನಿಗೆ ಪರಿಹಾರ ಕೊಡಬೇಕೆಂದು ಗೊತ್ತುಮಾಡಿತು. 2012ರ ತಿದ್ದುಪಡಿಯಂತೆ ಮೊದಲ ಕೋರ್ಟಿಗೆ 3 ವರುಷ, ಅಪೀಲಿಗೆ 2 ವರುಷ, ಕಟ್ಟಕಡೆಯ ನ್ಯಾಯಾಲಯಕ್ಕೆ 1 ವರುಷ ಯುಕ್ತ ಕಾಲ. ನಮ್ಮಲ್ಲಿ ಹಾಗೆ ಪರಿಹಾರ ಕೇಳುವ ಬಾಗಿಲಿಲ್ಲ. 1993ರ ಕಾಯಿದೆಯಿಂದ ಹುಟ್ಟಿದ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ನಿಯಮಾವಳಿಯು ಆಸ್ತಿಯಂಥ ಸಿವಿಲ್ ವಿವಾದಗಳನ್ನೂ, ಕೋರ್ಟಿನಲ್ಲಿರುವ ವಿಷಯಗಳನ್ನೂ ಸಾಮಾನ್ಯವಾಗಿ ದೂರವಿಡುತ್ತದೆ. ವಿಳಂಬದಿಂದ ನೊಂದವನ ವಿಷಯವು ಕೋರ್ಟಿನಲ್ಲಿ ಇದ್ದೇ ಇರುತ್ತದೆ. ಎಂದ ಮೇಲೆ ಅವನು ಎಲ್ಲಿಗೆ ಹೋಗಬೇಕು?

ತಪ್ಪು ಯಾರದು?

ನ್ಯಾಯಾಧೀಶರೊಬ್ಬರನ್ನೇ ದೂರುವುದು ಸುಲಭ, ಆದರೆ ಅನ್ಯಾಯ. ಹತ್ತು ಲಕ್ಷ ಜನರಿಗೆ ಹತ್ತರ ಆಸುಪಾಸಿನಲ್ಲಿರುವ ನ್ಯಾಯಾಧೀಶರ ಸಂಖ್ಯೆಯನ್ನು 50ಕ್ಕೆ ಏರಿಸಬೇಕೆಂದು ಕಾನೂನು ಆಯೋಗವು 1987ರಲ್ಲಿ ಹೇಳಿತ್ತು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನೇ ಪುನರುಚ್ಚರಿಸಿತು. ಇಂದಿಗೂ ನಾವು ಅದರ ಅರ್ಧವನ್ನು ಮುಟ್ಟಿಲ್ಲ. ದೇಶದ ಜಿಲ್ಲೆ ಮತ್ತು ತಾಲ್ಲೂಕು ಕೋರ್ಟುಗಳಲ್ಲಿ ಉಳಿದಿರುವ 4 ಕೋಟಿಗೂ ಮಿಕ್ಕ ಮೊಕದ್ದಮೆಗಳಲ್ಲಿ ಒಂದು ಕೋಟಿಗೂ ಹೆಚ್ಚು ಸಿವಿಲ್ ಮೊಕದ್ದಮೆಗಳು. ತಾಲ್ಲೂಕಿನ ನ್ಯಾಯಾಧೀಶರು ಅನೇಕ ಕಡೆ ಸಿವಿಲ್ ದಾವೆಯನ್ನೂ ಕ್ರಿಮಿನಲ್ ವಿಚಾರಣೆಯನ್ನೂ ಒಬ್ಬರೇ ನೋಡಬೇಕು. ಕೈದಿಯ ಜಾಮೀನು ಅರ್ಜಿ ಎದುರಿಗಿರುವಾಗ ಗದ್ದೆಯ ಪಾಲು ಹಿಂದೆ ಸರಿಯುವುದು ಸಹಜ.

ನಿಯಮಗಳ ಕೊರತೆಯಂತೂ ಇಲ್ಲ. ವಿಚಾರಣೆಯಲ್ಲಿ ಒಂದು ಪಕ್ಷಕ್ಕೆ 3ಕ್ಕಿಂತ ಹೆಚ್ಚು ವಾಯಿದೆ ಕೊಡಬಾರದೆಂಬ ನಿಯಮ 2002ರಿಂದ ಜಾರಿಯಲ್ಲಿದೆ. ಕರ್ನಾಟಕದ 2005ರ ಮೊಕದ್ದಮೆ ನಿರ್ವಹಣಾ ನಿಯಮಗಳು ಪಾಲುದಾವೆಗಳಂಥವಕ್ಕೆ 24 ತಿಂಗಳ ಗಡುವನ್ನು ಹಾಕಿವೆ. ಎದುರು ಪಕ್ಷವನ್ನು ಕೇಳದೆಯೇ ಕೊಟ್ಟ ತಡೆಯಾಜ್ಞೆಯ ಅರ್ಜಿಯನ್ನು 30 ದಿನಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಸಂಹಿತೆಯೇ ಹೇಳುತ್ತದೆ. ನಿಯಮ ಮುರಿದರೆ ಯಾರಿಗೂ ನಷ್ಟವಿಲ್ಲದಿರುವುದೇ ನಿಜವಾದ ಕೊರತೆ. ಸುಳ್ಳು ತಕರಾರು ಹೂಡಿದವನಿಂದ 35ಎ ಕಲಮಿನಡಿ ವಸೂಲು ಮಾಡಬಹುದಾದ ಪರಿಹಾರದ ಮಿತಿ 3,000 ರೂಪಾಯಿ. ತೋಟದ ಒಂದು ಕೊಯ್ಲಿನ ಉತ್ಪತ್ತಿಯ ಮುಂದೆ ಈ ಮೊತ್ತ ಏನು? ವಿಳಂಬ ಮಾಡುವುದು ಲಾಭಕರವಾಗಿರುವ ತನಕ ವಿಳಂಬ ಮಾಡುವವರು ಇದ್ದೇ ಇರುತ್ತಾರೆ.

ಹಾಗೆಂದು ಅವಸರದ ನ್ಯಾಯವೂ ಒಳ್ಳೆಯದಲ್ಲ. ಕರ್ನಾಟಕದಿಂದಲೇ ಹೋದ ಕ್ರಿಮಿನಲ್ ಮೊಕದ್ದಮೆಯೊಂದರಲ್ಲಿ, 2002ರಲ್ಲಿ, ಸರ್ವೋಚ್ಚ ನ್ಯಾಯಾಲಯದ ಏಳು ಮಂದಿ ನ್ಯಾಯಮೂರ್ತಿಗಳು ಎಲ್ಲ ವಿಚಾರಣೆಗಳಿಗೂ ಒಂದೇ ಕಾಲಮಿತಿಯನ್ನು ಗೆರೆ ಕೊರೆದಂತೆ ಹಾಕಲಾಗದೆಂದರು. ಸಾಕ್ಷಿಯನ್ನು ಪೂರ್ತಿ ಕೇಳದೆ ಬರೆದ ತೀರ್ಪು ಇನ್ನೊಂದು ಅಪೀಲನ್ನು ಹುಟ್ಟಿಸುತ್ತದೆ, ಅಷ್ಟೇ. ವಿಚಾರಣೆಗೆ ಬೇಕಾದ ಕಾಲವನ್ನು ಯಾರೂ ಪ್ರಶ್ನಿಸುವುದಿಲ್ಲ. ಯಾರೂ ಏನನ್ನೂ ಮಾಡದೆ ಕಳೆದುಹೋದ ಕಾಲದ ಲೆಕ್ಕವನ್ನು ಕೇಳಬೇಕಾಗಿದೆ.

ಜಗಲಿಯ ನ್ಯಾಯ

ಕೋರ್ಟಿನ ಹಾದಿ ಉದ್ದವಾದಾಗ ಜನ ಬೇರೆ ಹಾದಿಯನ್ನು ಹಿಡಿಯುವುದು ಈ ಸೀಮೆಯಲ್ಲಿ ಹೊಸತಲ್ಲ. ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದಲ್ಲಿ ಹೆಗ್ಗಡೆಯವರ ಮುಂದೆ ವ್ಯಾಜ್ಯವನ್ನಿಟ್ಟು ಅವರ ಮಾತಿಗೆ ತಲೆಬಾಗುವ ಹಳೆಯ ಸಂಪ್ರದಾಯವುಂಟು. ಕೋಲದಲ್ಲಿ ದೈವದ ನುಡಿಗೆ ಒಪ್ಪಿಸಿದ ತಕರಾರುಗಳಿಗೂ ಲೆಕ್ಕವಿಲ್ಲ. ಸರಕಾರದ ಕಡೆಯಿಂದ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಡಿಯಲ್ಲಿ ಲೋಕ ಅದಾಲತ್ತುಗಳಿವೆ. ಅಲ್ಲಿ ರಾಜಿಯಾದರೆ ಅದಕ್ಕೆ ಅಪೀಲಿಲ್ಲ. ಕಟ್ಟಿದ ಕೋರ್ಟು ಫೀಸು ಮರಳಿ ಬರುತ್ತದೆ. ಅಣ್ಣತಮ್ಮಂದಿರ, ಅಕ್ಕತಂಗಿಯರ ನಡುವಣ ಎಷ್ಟೋ ಜಗಳಗಳಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಆದರೆ ಮನಸ್ಸೊಪ್ಪಿ ಮಾಡಿಕೊಂಡ ರಾಜಿಗೂ, ಸಾಕಪ್ಪಾ ಎಂದು ಸುಸ್ತಾಗಿ ಮಾಡಿಕೊಂಡ ರಾಜಿಗೂ ಅಂತರವಿದೆ. ಇಪ್ಪತ್ತು ವರುಷ ಕಾದ ಮೇಲೆ ಮೂರರಲ್ಲಿ ಒಂದು ಪಾಲನ್ನು ಬಿಟ್ಟು ಹತ್ತರಲ್ಲಿ ಒಂದು ಪಾಲಿಗೆ ರುಜು ಹಾಕುವವಳು ರಾಜಿಯಾದಳೆಂದು ಕಡತ ಹೇಳಬಹುದು. ಆಕೆ ಸೋತಳೆಂದು ಮನೆಯವರಿಗೆ ಗೊತ್ತು. ಕೋರ್ಟು ಚುರುಕಾಗಿದ್ದಾಗ ಮಾತ್ರ ರಾಜಿಯು ನ್ಯಾಯವಾಗಿರುತ್ತದೆ.

ಆಗಬೇಕಾದುದು

ಕೆಲವು ಸಂಗತಿಗಳು ಇಂದಿನ ಕಾನೂನಿನಲ್ಲಿಯೇ ಸಾಧ್ಯ. ವೃದ್ಧರಾದ ಸಾಕ್ಷಿಗಳ ಹೇಳಿಕೆಯನ್ನು ಸರದಿಗೆ ಕಾಯದೆ ಮೊದಲೇ ದಾಖಲಿಸಿಕೊಳ್ಳಲು ಸಂಹಿತೆಯ 18ನೆಯ ಆದೇಶದ 16ನೆಯ ನಿಯಮದಲ್ಲಿ ಅವಕಾಶವಿದೆ, ಕೇಳುವವರು ಬೇಕು. ಕಕ್ಷಿಗಾರನು ತೀರಿಕೊಂಡರೆ ಆ ಸುದ್ದಿಯನ್ನು ಕೋರ್ಟಿಗೆ ತಿಳಿಸುವುದು ಅವನ ವಕೀಲರ ಕರ್ತವ್ಯ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ಪ್ರಾಥಮಿಕ ಡಿಕ್ರಿಯಾದೊಡನೆ, ಯಾರೂ ಹೊಸ ಅರ್ಜಿ ಹಾಕುವ ತನಕ ಕಾಯದೆ, ಕೋರ್ಟು ತಾನಾಗಿಯೇ ಅಂತಿಮ ಡಿಕ್ರಿಯ ಕಡೆಗೆ ಸಾಗಬೇಕೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಹೇಳಿದೆ. ಈ ಒಂದು ಮಾತು ಪಾಲನೆಯಾದರೂ ಪಾಲುದಾವೆಗಳ ಆಯುಷ್ಯದಲ್ಲಿ ಕೆಲವು ವರುಷಗಳು ಕಳೆಯುತ್ತವೆ.

ಉಳಿದುದು ಸರಕಾರದ ಕೈಯಲ್ಲಿದೆ: ಖಾಲಿ ಹುದ್ದೆಗಳನ್ನು ತುಂಬುವುದು, ಸಾಕಷ್ಟು ಸರ್ವೆಯವರನ್ನು ಕೊಡುವುದು, ವಿಳಂಬದ ಬೆಲೆಯನ್ನು ವಿಳಂಬ ಮಾಡಿದವನೇ ತೆರುವಂತೆ ಕಲಮುಗಳನ್ನು ತಿದ್ದುವುದು. ತಂದೆತಾಯಿಗಳ ಜೀವನಾಂಶಕ್ಕಾಗಿ 2007ರಲ್ಲಿ ಮಾಡಿದ ಕಾಯಿದೆಯಲ್ಲಿ ಮಧ್ಯಂತರದ್ದೆಲ್ಲ ಸೇರಿ ಅರ್ಜಿಯನ್ನು 90 ದಿನಗಳಲ್ಲಿ, ವಿಶೇಷ ಕಾರಣವಿದ್ದರೆ ಇನ್ನು 30 ದಿನಗಳಲ್ಲಿ ಮುಗಿಸಬೇಕೆಂದಿದೆ. ಮುಪ್ಪಿಗೆ ಕಾಯುವ ಶಕ್ತಿಯಿಲ್ಲವೆಂಬುದನ್ನು ಶಾಸನವು ಅಲ್ಲಿ ಒಪ್ಪಿಕೊಂಡಿದೆ. ಪಾಲು ಕೇಳಿದ ಮಾತ್ರಕ್ಕೆ ಅದೇ ಮುಪ್ಪು ಕಾಯಬಲ್ಲುದೆಂದು ಭಾವಿಸುವುದು ಹೇಗೆ?

ಇಂದು ಬಂಟ್ವಾಳದಲ್ಲಿಯೂ ಬೆಳ್ತಂಗಡಿಯಲ್ಲಿಯೂ ಮೂಡುಬಿದಿರೆಯಲ್ಲಿಯೂ ಸಿವಿಲ್ ಕೋರ್ಟುಗಳಿವೆ. ಕೋರ್ಟು ಊರಿನ ಹತ್ತಿರಕ್ಕೆ ಬಂದಿದೆ. ತೀರ್ಪೂ ಮನುಷ್ಯನ ಆಯುಷ್ಯದ ಅಳತೆಯೊಳಗೆ ಬರಬೇಕು.

ಸಂಜೆ ಆ ತಾಯಿ ಬೆಳ್ತಂಗಡಿಯ ಬಸ್ಸನ್ನು ಹತ್ತುತ್ತಾಳೆ. ಮನೆ ಸೇರಿದ ಮೇಲೆ ಕ್ಯಾಲೆಂಡರಿನ ಮುಂದಿನ ಹಾಳೆಯನ್ನು ಮಗುಚಿ, ಮೊಮ್ಮಗಳ ಪೆನ್ಸಿಲಿನಿಂದ 22ನೇ ತಾರೀಕಿಗೆ ಗುರುತು ಹಾಕುತ್ತಾಳೆ.